ಚೀನಾ ಗೋಡೆ ಚಂದ್ರನಿಂದ ಕಾಣುತ್ತದೆಯೇ? ಶಾಲೆಯ ಫಲಕದಿಂದ ಉದುರಿಹೋದ ‘ಅಂತೆ’

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಆರು ವರ್ಷಗಳಿಂದ ಬೆಳಗಿನ ಪ್ರಾರ್ಥನೆಗೆ ಮುಂಚೆ ಕರಿಹಲಗೆಯ ಮೇಲೆ ‘ದಿನಕ್ಕೊಂದು ವಿಸ್ಮಯ’ ಬರೆಯುತ್ತಿದ್ದೇನೆ. ಕೆಲವು ಹಳೆಯ ಸಾಮಾನ್ಯ ಜ್ಞಾನದ ಪುಸ್ತಕಗಳಿಂದ, ಕೆಲವು ಮೊಬೈಲಿಗೆ ಬಂದ ಸಂದೇಶಗಳಿಂದ. ಕಳೆದ ತಿಂಗಳು ‘ಚಂದ್ರನಿಂದ ಕಾಣುವ ಏಕೈಕ ಮಾನವ ನಿರ್ಮಾಣ ಚೀನಾದ ಮಹಾಗೋಡೆ’ ಎಂದು ಬರೆದಾಗ ಎಂಟನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, ‘ಅಲ್ಲಿಂದ ನೋಡಿದವರು ಯಾರು ಮೇಡಂ?’ ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಅಂದು ರಾತ್ರಿ ನನ್ನ ನೋಟ್‌ಬುಕ್ ತೆರೆದು ಕೂತೆ. ಐನ್‌ಸ್ಟೀನ್ ಗಣಿತದಲ್ಲಿ ಫೇಲಾಗಿದ್ದರು, ನೆಪೋಲಿಯನ್ ಕುಳ್ಳ, ಜನಗಣಮನ ಜಗತ್ತಿನ ಶ್ರೇಷ್ಠ ರಾಷ್ಟ್ರಗೀತೆ ಎಂದು ಯುನೆಸ್ಕೊ ಘೋಷಿಸಿದೆ, ಏಷ್ಯಾದಲ್ಲೇ ಮೊದಲು ವಿದ್ಯುತ್ ದೀಪ ಕಂಡ ನಗರ ಬೆಂಗಳೂರು, ಗೋಳಗುಮ್ಮಟ ಜಗತ್ತಿನ ಎರಡನೇ ದೊಡ್ಡ ಗುಮ್ಮಟ, ರಾಕೆಟ್ ಕಂಡುಹಿಡಿದದ್ದು ಟಿಪ್ಪು, ದಶಾಂಶ ಬಿಂದು ತಪ್ಪಿದ್ದರಿಂದ ಪಾಲಕ್ ಸೊಪ್ಪಿಗೆ ಕಬ್ಬಿಣಾಂಶದ ಖ್ಯಾತಿ ಬಂತು. ಇವುಗಳಲ್ಲಿ ನಿಜ ಯಾವುದು? ಬರೆಯುವ ಮುಂಚೆ ಪತ್ತೆ ಮಾಡುವುದು ಹೇಗೆ? ತಪ್ಪಾಯಿತೆಂದು ಮಕ್ಕಳೆದುರು ಒಪ್ಪಿಕೊಂಡರೆ ನನ್ನ ಮಾತಿಗೆ ಬೆಲೆ ಉಳಿಯುತ್ತದೆಯೇ? ಫಲಕವನ್ನೇ ನಿಲ್ಲಿಸಿಬಿಡಲೇ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಆರು ವರ್ಷ ಮಕ್ಕಳಿಗೆ ಸುಳ್ಳು ಹೇಳಿದೆನೇ ಎಂಬುದು ಒಂದು, ಇನ್ನು ಮುಂದೆ ಏನನ್ನು ನಂಬಲಿ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಈಗಲೇ ಹೇಳಿಬಿಡುತ್ತೇನೆ: ನಿಮ್ಮ ಪಟ್ಟಿಯಲ್ಲಿ ಬುಡವೇ ಇಲ್ಲದ ಸುಳ್ಳುಗಳು ಕಡಿಮೆ. ಹೆಚ್ಚಿನವು ಒಂದು ನಿಜದಿಂದ ಹೊರಟು, ದಾರಿಯಲ್ಲಿ ಒಂದು ಪದವನ್ನೋ ಒಂದು ಅಳತೆಯನ್ನೋ ಕಳೆದುಕೊಂಡು ನಿಮ್ಮ ಹಲಗೆಗೆ ಬಂದಿವೆ. ಮೂವತ್ತು ವರ್ಷ ಅಂತರಶಾಲಾ ರಸಪ್ರಶ್ನೆ ಸ್ಪರ್ಧೆಗಳಿಗೆ ಪ್ರಶ್ನೆ ತಯಾರಿಸಿದವನು ನಾನು. ಹೀಗೆ ಕಳೆದುಹೋದದ್ದನ್ನು ಹುಡುಕುವುದೇ ನನ್ನ ಕೆಲಸದ ಬಹುಪಾಲು.

ನಮ್ಮ ಭಾಷೆಯಲ್ಲಿ ‘ಅಂತೆ’ ಎಂಬ ಪುಟ್ಟ ಪದವಿದೆ. ‘ಘಟ್ಟದಲ್ಲಿ ಮಳೆಯಾಯಿತು’ ಎಂದರೆ ನಾನು ಬಲ್ಲೆ ಎಂದರ್ಥ. ‘ಮಳೆಯಾಯಿತಂತೆ’ ಎಂದರೆ ಯಾರೋ ಹೇಳಿದ್ದು, ಜವಾಬ್ದಾರಿ ನನ್ನದಲ್ಲ. ಕೇಳಿಸಿಕೊಂಡ ಅಜ್ಜಿ ತಕ್ಷಣ ‘ಯಾರು ಹೇಳಿದ್ದು?’ ಅನ್ನುತ್ತಾಳೆ. ಬಾಯಿಮಾತಿನಲ್ಲಿ ಈ ‘ಅಂತೆ’ ತಾನಾಗಿ ಬರುತ್ತದೆ. ಆದರೆ ಅಚ್ಚಿನಲ್ಲಿ, ಕರಿಹಲಗೆಯಲ್ಲಿ, ಪರೀಕ್ಷೆಯ ಉತ್ತರದಲ್ಲಿ ‘ಅಂತೆ’ ಬರೆದರೆ ಚೆನ್ನಾಗಿ ಕಾಣುವುದಿಲ್ಲ ಎಂದು ತೆಗೆದುಬಿಡುತ್ತೇವೆ. ‘ಕಾಣುತ್ತದಂತೆ’ ಹೋಗಿ ‘ಕಾಣುತ್ತದೆ’ ಆಗುತ್ತದೆ. ಆ ಹುಡುಗ ಕೇಳಿದ್ದು ಅಜ್ಜಿ ಕೇಳುವ ಪ್ರಶ್ನೆಯನ್ನೇ.

ಹಾಗಾಗಿ ಅವನ ಪ್ರಶ್ನೆಯಿಂದಲೇ ಶುರು ಮಾಡೋಣ. ಗೋಡೆ ಚಂದ್ರನಿಂದ ಕಾಣಬಹುದು ಎಂದು ಇಂಗ್ಲೆಂಡಿನ ಪುರಾತತ್ವಾಸಕ್ತ ವಿಲಿಯಂ ಸ್ಟೂಕ್ಲಿ ಒಂದು ಪತ್ರದಲ್ಲಿ ಬರೆದದ್ದು 1754ರಲ್ಲಿ. ಅಮೆರಿಕದ ರಾಬರ್ಟ್ ರಿಪ್ಲಿಯವರ ‘ನಂಬಿದರೆ ನಂಬಿ’ ಮಾದರಿಯ ಪತ್ರಿಕಾ ಚಿತ್ರಾಂಕಣದಲ್ಲಿ ಅದು ಮತ್ತೆ ಬಂದದ್ದು 1932ರಲ್ಲಿ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ. ಅಂದರೆ ನೋಡುವವರು ಹುಟ್ಟುವ ಮುಂಚೆಯೇ ‘ನೋಡಿದ್ದು’ ಸಿದ್ಧವಾಗಿತ್ತು. ಈ ಮೂರು ಇಸವಿಗಳನ್ನು ಒಂದರ ಕೆಳಗೊಂದು ಬರೆದರೆ ಸಾಕು, ಬೇರೆ ವಾದ ಬೇಕಾಗುವುದಿಲ್ಲ. ಆಮೇಲೆ ನಿಜವಾಗಿ ಹೋದವರು ಹೇಳಿದ್ದೂ ಇದೆ. ಅಪೊಲೊ 12ರಲ್ಲಿ ಹೋಗಿದ್ದ ಆಲನ್ ಬೀನ್ ಅವರಿಗೆ ಅಲ್ಲಿಂದ ಕಂಡದ್ದು ಒಂದು ಸುಂದರ ಗೋಳ: ಮೋಡಗಳ ಬಿಳಿ, ಸಮುದ್ರದ ನೀಲಿ, ಮರುಭೂಮಿಯ ಹಳದಿ, ಆಗೊಮ್ಮೆ ಈಗೊಮ್ಮೆ ಹಸಿರು. ಮನುಷ್ಯ ಕಟ್ಟಿದ್ದು ಯಾವುದೂ ಇಲ್ಲ.

ಭೂಮಿಗೆ ಹತ್ತಿರವೇ ಸುತ್ತುವ ನೌಕೆಯಿಂದ? 2003ರಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೇ ಮರಳಿ ಬಂದು, ನನಗೆ ಗೋಡೆ ಕಾಣಲಿಲ್ಲ ಎಂದರು. ತನ್ನ ದೇಶದ ಹೆಮ್ಮೆಯ ವಿಷಯದಲ್ಲಿ ಹಾಗೆ ಹೇಳುವುದು ಸುಲಭವಲ್ಲ, ಆ ಮಾತಿಗೆ ನಾನು ತುಂಬ ಗೌರವ ಕೊಡುತ್ತೇನೆ. ಮರುವರ್ಷ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಲೆರಾಯ್ ಚಿಯಾವ್ 180 ಮಿಲಿಮೀಟರ್ ಲೆನ್ಸಿನಲ್ಲಿ ತೆಗೆದ ಚಿತ್ರದಲ್ಲಿ ಗೋಡೆಯ ತುಣುಕು ಸಿಕ್ಕಿತು. ಆದರೆ ತಾನು ತೆಗೆದದ್ದು ಗೋಡೆಯನ್ನೇ ಎಂಬ ಖಚಿತತೆ ತೆಗೆದವರಿಗೇ ಇರಲಿಲ್ಲ. ಕಾರಣ ಸರಳ. ಗೋಡೆ ಸಾವಿರಾರು ಕಿಲೋಮೀಟರ್ ಉದ್ದ, ಆದರೆ ಅಗಲ ಐದಾರು ಮೀಟರ್ ಮಾತ್ರ, ಬಣ್ಣ ಸುತ್ತಲ ಮಣ್ಣಿನದೇ. ಕಣ್ಣಿಗೆ ಬೇಕಾದದ್ದು ಅಗಲ ಮತ್ತು ಬಣ್ಣದ ವ್ಯತ್ಯಾಸ. ಉದ್ದ ಎಷ್ಟಿದ್ದರೇನು, ದೂರದಿಂದ ಜೇಡರ ದಾರ ಕಾಣುವುದಿಲ್ಲವಲ್ಲ.

ಐನ್‌ಸ್ಟೀನ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇದನ್ನು ನೀವು ಸಂಕಟಪಡುವ ಮಕ್ಕಳನ್ನು ನೆನೆದು ಬರೆದಿರುತ್ತೀರಿ. ಇದನ್ನೂ ರಿಪ್ಲಿಯವರ ಅಂಕಣ ಅಚ್ಚು ಹಾಕಿತ್ತು. 1935ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಯಾರೋ ಆ ತುಣುಕನ್ನು ಐನ್‌ಸ್ಟೀನರಿಗೇ ತೋರಿಸಿದರು. ತಾನು ಗಣಿತದಲ್ಲಿ ಎಂದೂ ಫೇಲಾಗಿಲ್ಲ, ಹದಿನೈದು ತುಂಬುವ ಮುಂಚೆಯೇ ಕಲನಶಾಸ್ತ್ರ ಕೈವಶವಾಗಿತ್ತು ಎಂದು ಅವರು ಉತ್ತರಿಸಿದರು. 1896ರ ಆರೌ ಶಾಲೆಯ ಪ್ರಮಾಣಪತ್ರ ಉಳಿದಿದೆ: ಬೀಜಗಣಿತಕ್ಕೆ 6, ರೇಖಾಗಣಿತಕ್ಕೆ 6, ಫ್ರೆಂಚ್‌ಗೆ 3. ಸ್ವಿಟ್ಜರ್ಲೆಂಡಿನಲ್ಲಿ 6 ಎಂದರೆ ಅತ್ಯುತ್ತಮ. ಪಕ್ಕದ ಜರ್ಮನಿಯ ಕ್ರಮದಲ್ಲಿ 1 ಅತ್ಯುತ್ತಮ, 6 ತೀರ ಕಳಪೆ. ಒಂದೇ ಹಾಳೆಯನ್ನು ಗಡಿಯ ಈಚೆ ಆಚೆ ಓದಿದರೆ ಅರ್ಥ ತಲೆಕೆಳಗು.

ಹಾಗಾದರೆ ಅವರು ಎಂದೂ ಸೋಲಲಿಲ್ಲವೇ? ಸೋತರು. 1895ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಸಾಮಾನ್ಯ ಅಭ್ಯರ್ಥಿಗಳಿಗಿಂತ ಎರಡು ವರ್ಷ ಚಿಕ್ಕವರಾಗಿದ್ದಾಗ ಜೂರಿಕ್‌ನ ಪಾಲಿಟೆಕ್ನಿಕ್ ಪ್ರವೇಶ ಪರೀಕ್ಷೆ ಬರೆದರು. ಗಣಿತ, ಭೌತಶಾಸ್ತ್ರ ಚೆನ್ನಾಗಿತ್ತು. ಉಳಿದ ವಿಷಯಗಳಿಂದಾಗಿ ಸೀಟು ಸಿಗಲಿಲ್ಲ. ಆರೌಗೆ ಹೋಗಿ ಒಂದು ವರ್ಷ ಕೂತು ಓದಿದರು, ಮರುವರ್ಷ ಸೇರಿದರು. ಫೇಲಾದ ಮಗುವಿಗೆ ಇದನ್ನು ಹೇಳಿ. ‘ಅವರೂ ಗಣಿತದಲ್ಲಿ ಫೇಲಾಗಿದ್ದರು’ ಎಂಬ ಸುಳ್ಳು ಸಮಾಧಾನ ಒಂದು ದಿನ ಕೈಕೊಡುತ್ತದೆ. ‘ಒಂದು ವರ್ಷ ಹಿಂದೆ ಬಿದ್ದರು, ತಯಾರಾಗಿ ಮತ್ತೆ ಹೋದರು’ ಎಂಬುದು ಮಗು ತಾನೂ ಮಾಡಬಹುದಾದ ಕೆಲಸ.

ನೆಪೋಲಿಯನ್ನನದ್ದೂ ಅಳತೆಯ ಕಥೆಯೇ. ಅವನ ಎತ್ತರ ಐದು ಅಡಿ ಎರಡು ಅಂಗುಲ ಎಂದು ದಾಖಲಾದದ್ದು ಫ್ರಾನ್ಸಿನ ಹಳೆಯ ಅಡಿ–ಅಂಗುಲದಲ್ಲಿ. ಆ ಅಂಗುಲ ಇಂಗ್ಲಿಷ್ ಅಂಗುಲಕ್ಕಿಂತ ದೊಡ್ಡದು. ಲೆಕ್ಕ ಹಾಕಿದರೆ ಸುಮಾರು 168 ಸೆಂಟಿಮೀಟರ್. ಆ ಕಾಲದ ಫ್ರೆಂಚರಲ್ಲಿ ಅದು ಕುಳ್ಳೆನಿಸಿಕೊಳ್ಳುವ ಎತ್ತರವಲ್ಲ. ಲಂಡನ್ನಿನ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇ ಅವನನ್ನು ಗೊಂಬೆಯಷ್ಟು ಮಾಡಿ ಬರೆದರು, ಚಿತ್ರ ಉಳಿಯಿತು. ಯುನೆಸ್ಕೊ ಸಂದೇಶವಂತೂ ಪೂರ್ತಿ ಕಟ್ಟುಕತೆ. ಅಂಥ ಘೋಷಣೆ ಮಾಡಿಲ್ಲ ಎಂದು ಆ ಸಂಸ್ಥೆ 2008ರಲ್ಲೇ ಹೇಳಿದೆ. ಜನಗಣಮನಕ್ಕೆ ಯಾರ ಪ್ರಶಸ್ತಿಪತ್ರವೂ ಬೇಕಿಲ್ಲ, ಅದನ್ನು ಅಳಿಸಿಬಿಡಿ.

ಈಗ ನಮ್ಮ ಮನೆಯೊಳಗಿನ ವಿಷಯಗಳು. ಇಲ್ಲಿ ನನಗೇ ಒಂದು ಹಳೆಯ ನೋವಿದೆ. ತೊಂಬತ್ತರ ದಶಕದ ಒಂದು ಸ್ಪರ್ಧೆಯಲ್ಲಿ ‘ಏಷ್ಯಾದಲ್ಲಿ ಮೊದಲು ವಿದ್ಯುತ್ ಬೀದಿದೀಪ ಕಂಡ ನಗರ ಯಾವುದು?’ ಎಂದು ಕೇಳಿದ್ದೆ. ಒಬ್ಬ ಹುಡುಗಿ ‘ಟೋಕಿಯೊ’ ಎಂದಳು. ನನ್ನ ಕಾರ್ಡಿನಲ್ಲಿ ‘ಬೆಂಗಳೂರು’ ಎಂದಿತ್ತು. ತಪ್ಪು ಎಂದೆ, ಆ ತಂಡ ಅದೇ ಪ್ರಶ್ನೆಯ ಅಂಕದಿಂದ ಸೋತಿತು. ಟೋಕಿಯೊದ ಗಿಂಜಾ ಬೀದಿಯಲ್ಲಿ 1882ರಲ್ಲೇ ವಿದ್ಯುತ್ ದೀಪ ಉರಿದಿತ್ತು ಎಂದು ನನಗೆ ಗೊತ್ತಾದದ್ದು ವರ್ಷಗಳ ನಂತರ. ಆ ಮಗುವಿಗೆ ಕ್ಷಮೆ ಕೇಳುವ ಅವಕಾಶ ಸಿಗಲಿಲ್ಲ. ಅಂದಿನಿಂದ ‘ಮೊದಲ’ ಎಂಬ ಪದ ಕಂಡರೆ ನಾನು ಪೆನ್ನು ಕೆಳಗಿಡುತ್ತೇನೆ.

ನಡೆದದ್ದು ಏನು ನೋಡಿ. ಶಿವನಸಮುದ್ರದ ವಿದ್ಯುದಾಗಾರ ಶುರುವಾದದ್ದು 1902ರಲ್ಲಿ. ಅದಕ್ಕೂ ಮುಂಚೆ ಜಪಾನಿನ ಕ್ಯೋಟೊದಲ್ಲಿ, ಕೆಯಾಗೆ ಎಂಬಲ್ಲಿ, 1891ರಲ್ಲಿ ಜಲವಿದ್ಯುತ್ ಹುಟ್ಟಿತ್ತು. ನಮ್ಮ ದೇಶದಲ್ಲೇ ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್‌ನಲ್ಲಿ 1897ರಿಂದ 130 ಕಿಲೋವಾಟಿನ ಸಣ್ಣ ಘಟಕವಿತ್ತು, ಆ ಬೆಟ್ಟದ ಊರಿನ ಬೀದಿಗಳಿಗೆ ಬೆಳಕು ಅಲ್ಲಿಂದ ಬರುತ್ತಿತ್ತು. ಕಲ್ಕತ್ತಾಕ್ಕೆ 1899ರಲ್ಲಿ ಕರೆಂಟು ಬಂತು. ಬೆಂಗಳೂರಿನ ಪೇಟೆಯಲ್ಲಿ ದೀಪ ಹೊತ್ತಿದ್ದು 1905ರ ಆಗಸ್ಟ್ 5ರಂದು. ಹೀಗೆ ಬರೆದಾಗ ಕೆಲವು ಹಿರಿಯರು ನನ್ನ ಮೇಲೆ ಸಿಟ್ಟಾಗಿದ್ದಾರೆ, ನಮ್ಮ ಹೆಮ್ಮೆ ಕಸಿದೆ ಎಂದು. ಕಸಿದಿಲ್ಲ. ಬದಲಿಗೆ ಕೊಡಲು ನನ್ನ ಬಳಿ ಇನ್ನೂ ದೊಡ್ಡದಿದೆ.

ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಬೆಂಗಳೂರಿಗಲ್ಲ, ಕೋಲಾರದ ಚಿನ್ನದ ಗಣಿಗಳಿಗೆ. ದೂರ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್. ಊರೂರಿಗೆ ಸೀಮೆಎಣ್ಣೆ ದೀಪವೇ ಗತಿಯಾಗಿದ್ದ ಕಾಲದಲ್ಲಿ ಕಾವೇರಿಯ ನೀರು ಬಿದ್ದ ರಭಸ ಅಷ್ಟು ದೂರದ ಗಣಿಯ ಯಂತ್ರ ತಿರುಗಿಸಿತು. ಆಗ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಗಮನಿಸಿ, ‘ಒಂದು’ ಎಂದೆ. ‘ಅತಿ ಉದ್ದದ್ದು’ ಎಂದು ಬರೆದವರೂ ಇದ್ದಾರೆ, ಆದರೆ ಕ್ಯಾಲಿಫೋರ್ನಿಯದಲ್ಲಿ ಕಾಲ್ಗೇಟ್‌ನಿಂದ ಓಕ್‌ಲ್ಯಾಂಡಿಗೆ 1901ರಲ್ಲೇ 142 ಮೈಲಿ ತಂತಿ ಎಳೆದಿದ್ದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಒಂದು ದೇಶೀ ಸಂಸ್ಥಾನ ಇಂಥ ಧೈರ್ಯ ಮಾಡಿತು ಎಂಬುದು ‘ಏಷ್ಯಾದ ಮೊದಲ ದೀಪ’ಕ್ಕಿಂತ ಮಕ್ಕಳಿಗೆ ಹೆಚ್ಚು ಹೇಳುತ್ತದೆ. ಏಕೆ ಗಣಿಗೆ ಮೊದಲು, ಊರಿಗೆ ಆಮೇಲೆ ಎಂಬ ಪ್ರಶ್ನೆಯೂ ಅದರೊಳಗಿದೆ. ಅದು ನಿಮ್ಮ ಪಾಠದ ವಿಷಯವೇ.

ಗೋಳಗುಮ್ಮಟದ್ದು ಹೊರಗು–ಒಳಗಿನ ಗೊಂದಲ. ಹೊರವ್ಯಾಸ ಹಿಡಿದರೆ 44 ಮೀಟರ್. ಒಳವ್ಯಾಸ ಸುಮಾರು 38 ಮೀಟರ್. ರೋಮಿನ ಪ್ಯಾಂಥಿಯನ್‌ನ ಒಳವ್ಯಾಸ 43 ಮೀಟರಿಗೂ ಹೆಚ್ಚು, ಸೇಂಟ್ ಪೀಟರ್ಸ್‌ನದು 41ಕ್ಕೂ ಹೆಚ್ಚು, ಫ್ಲಾರೆನ್ಸಿನ ಗುಮ್ಮಟವೂ ದೊಡ್ಡದೇ. ಈ ಮೂರೂ ಗೋಳಗುಮ್ಮಟಕ್ಕಿಂತ ಹಳೆಯವು. ನಮ್ಮದರ ಹೊರ ಅಳತೆಯನ್ನು ಅವರ ಒಳ ಅಳತೆಯ ಪಕ್ಕ ಇಟ್ಟರೆ ಮಾತ್ರ ‘ಎರಡನೇ’ ಸ್ಥಾನ ಕೈಗೆಟಕುವಂತೆ ಕಾಣುತ್ತದೆ. ಆದರೆ ಬಿಜಾಪುರದ ಶಿಲ್ಪಿಗಳ ಜಾಣ್ಮೆ ವ್ಯಾಸದಲ್ಲಿಲ್ಲ. ಚೌಕಾಕಾರದ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂರಿಸಲು ಅವರು ಕಮಾನುಗಳನ್ನು ಒಂದರೊಡನೊಂದು ಹೆಣೆದು, ಮೇಲೇರಿದಂತೆ ಜಾಗ ಕಿರಿದಾಗಿಸಿದರು. ಹಾಗಾಗಿ ಪ್ಯಾಂಥಿಯನ್ನಿಗಿಂತ ಕಿರಿದಾದ ಗುಮ್ಮಟದ ಕೆಳಗೆ ಅದಕ್ಕಿಂತ ವಿಶಾಲವಾದ ನೆಲ ಸಿಕ್ಕಿತು: ಸುಮಾರು 1,700 ಚದರ ಮೀಟರ್, ನಡುವೆ ಒಂದೂ ಕಂಬವಿಲ್ಲ. ಪ್ರವಾಸಕ್ಕೆ ಕರೆದೊಯ್ದಾಗ ಮಕ್ಕಳು ಪಿಸುಗುಟ್ಟಿ ಕೂಗಿ ಮುಗಿಸಿದ ಮೇಲೆ, ಕತ್ತೆತ್ತಿ ಆ ಕಮಾನುಗಳ ಹೆಣಿಗೆ ನೋಡಲು ಹೇಳಿ.

ಟಿಪ್ಪು ರಾಕೆಟ್ ಕಂಡುಹಿಡಿದನೇ? ಇಲ್ಲ. ಸಿಡಿಮದ್ದಿನ ಬಾಣ ಶತಮಾನಗಳ ಮುಂಚೆಯೇ ಚೀನಾದಲ್ಲಿತ್ತು. ಮೈಸೂರಿನವರು, ಹೈದರನ ಕಾಲದಿಂದ, ಮಾಡಿದ ಹೊಸದು ಕಬ್ಬಿಣದ ಕೊಳವೆ. ಕಾಗದದ, ಬಿದಿರಿನ ಕೊಳವೆ ಒತ್ತಡಕ್ಕೆ ಒಡೆಯುತ್ತದೆ. ಕಬ್ಬಿಣದ್ದು ತಡೆದುಕೊಳ್ಳುತ್ತದೆ, ಹಾಗಾಗಿ ಮದ್ದು ಹೆಚ್ಚು ತುಂಬಬಹುದು, ಬಾಣ ಹೆಚ್ಚು ದೂರ ಹಾರುತ್ತದೆ. ಇಲ್ಲಿ ಒಂದು ‘ಕಬ್ಬಿಣದ’ ಎಂಬ ಪದ ಉದುರಿ ‘ರಾಕೆಟ್’ ಮಾತ್ರ ಉಳಿಯಿತು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ, ಹಳೆಯ ಬಿದನೂರಿನಲ್ಲಿ, ಪಾಳುಬಾವಿಯೊಂದರ ಕೆಸರಿನಿಂದ ಅಂಥ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು. ಒಂದೊಂದೂ ಗೇಣುದ್ದ, 23ರಿಂದ 26 ಸೆಂಟಿಮೀಟರ್. ಶಿವಮೊಗ್ಗ ಜಿಲ್ಲೆಯ ಆ ಊರು ನಿಮಗೇನು ಬಹಳ ದೂರ?

ಈ ಬಾಣದ ಮುಂದಿನ ಪ್ರಯಾಣ ಕೇಳಿದರೆ ಯಾರೋ ಕಟ್ಟಿದ್ದು ಅನ್ನಿಸುತ್ತದೆ, ಆದರೆ ಪ್ರತಿ ಮೆಟ್ಟಿಲಿಗೂ ದಾಖಲೆಯಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ರಾಕೆಟ್‌ಗಳು ಇಂಗ್ಲೆಂಡಿನ ವುಲ್ವಿಚ್ ಶಸ್ತ್ರಾಗಾರ ತಲುಪಿದವು. ವಿಲಿಯಂ ಕಾಂಗ್ರೀವ್ ಅವುಗಳ ಜಾಡು ಹಿಡಿದು ತನ್ನದೇ ರಾಕೆಟ್ ರೂಪಿಸಿದ. 1814ರಲ್ಲಿ ಬ್ರಿಟಿಷರು ಅವನ್ನು ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಹಾರಿಸಿದರು. ಅದನ್ನು ಕಣ್ಣಾರೆ ಕಂಡ ವಕೀಲರೊಬ್ಬರು ಬರೆದ ಪದ್ಯವೇ ಇಂದು ಅಮೆರಿಕದ ರಾಷ್ಟ್ರಗೀತೆ. ರಾಕೆಟ್‌ಗಳ ಕೆಂಪು ಬೆಳಕು ಅದರಲ್ಲಿ ಬರುತ್ತದೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಮಕ್ಕಳು ಶಾಲೆಯಲ್ಲಿ ನಿಂತು ಹಾಡುವ ಸಾಲಿನಲ್ಲಿ ಮೈಸೂರಿನ ಕಮ್ಮಾರನ ಕುಲುಮೆಯ ಕಾವು ಇದೆ. ನಾಸಾದ ವಾಲಪ್ಸ್ ಕೇಂದ್ರದಲ್ಲಿ ಈ ಯುದ್ಧದ ಚಿತ್ರ ನೋಡಿದ್ದಾಗಿ ಅಬ್ದುಲ್ ಕಲಾಂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಪಾಲಕ್ ಸೊಪ್ಪನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ನಿಮ್ಮ ಪಟ್ಟಿಯಲ್ಲಿ ಬೇರೆಯವು ವಿಸ್ಮಯಗಳು, ಇದೊಂದು ವಿಸ್ಮಯವನ್ನು ಒಡೆಯುವ ವಿಸ್ಮಯ. ಜರ್ಮನ್ ರಸಾಯನಶಾಸ್ತ್ರಜ್ಞನೊಬ್ಬ ದಶಾಂಶ ಬಿಂದು ತಪ್ಪಾಗಿ ಹಾಕಿದ, ಕಬ್ಬಿಣಾಂಶ ಹತ್ತು ಪಟ್ಟಾಯಿತು, ಅದನ್ನು ನಂಬಿ ಕಾರ್ಟೂನಿನ ಪಾಪಾಯ್ ಪಾಲಕ್ ತಿಂದ ಎಂಬ ಕಥೆ. 1981ರಲ್ಲಿ ಬ್ರಿಟನ್ನಿನ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯಲ್ಲಿ ಟಿ.ಜೆ. ಹ್ಯಾಂಬ್ಲಿನ್ ಇದನ್ನು ಬರೆದರು, ಆಮೇಲೆ ವಿದ್ವಾಂಸರೆಲ್ಲ ಉದ್ಧರಿಸಿದರು. 2010ರಲ್ಲಿ ಮೈಕ್ ಸಟನ್ ಎಂಬ ಸಂಶೋಧಕರು ಬುಡ ಹುಡುಕುತ್ತ ಹೋದಾಗ ಆ ದಶಾಂಶ ಬಿಂದುವಿನ ಪ್ರಮಾದಕ್ಕೇ ಆಧಾರ ಸಿಗಲಿಲ್ಲ. ಪಾಪಾಯ್ ಸೃಷ್ಟಿಸಿದ ಸೆಗರ್ 1932ರ ಚಿತ್ರಪಟ್ಟಿಯಲ್ಲಿ ಪಾಲಕ್ ತಿನ್ನಲು ಕೊಟ್ಟ ಕಾರಣ ಕಬ್ಬಿಣವಲ್ಲ, ಎ ಜೀವಸತ್ವ. ಪಾಲಕ್‌ನಲ್ಲಿ ಕಬ್ಬಿಣ ಇದೆ, ಆದರೆ ದೇಹ ಅದರ ಸ್ವಲ್ಪ ಪಾಲನ್ನಷ್ಟೇ ಹೀರಿಕೊಳ್ಳುತ್ತದೆ, ಅಷ್ಟೇ ನಿಜ. ‘ಜನ ನಂಬಿರುವುದು ಸುಳ್ಳು, ನಿಜ ನನಗೆ ಗೊತ್ತು’ ಎಂದು ಬರುವ ಮಾತಿಗೆ ನಮ್ಮ ಕಾವಲು ಸಡಿಲವಾಗಿರುತ್ತದೆ. ನನ್ನನ್ನೂ ಸೇರಿಸಿ ಪರೀಕ್ಷಿಸಿ. ಮೇಲೆ ಬರೆದ ಇಸವಿಗಳನ್ನು ಒಮ್ಮೆ ತಾಳೆ ನೋಡಿಯೇ ಹಲಗೆಗೆ ಹಾಕಿ.

ಹಾಗಾದರೆ ಪತ್ತೆ ಹೇಗೆ? ನಾನು ಮೊದಲು ಮಾತಿನ ವಯಸ್ಸು ನೋಡುತ್ತೇನೆ: ಯಾರು, ಯಾವಾಗ ಮೊದಲು ಹೇಳಿದರು, ಆಗ ಅದನ್ನು ತಿಳಿಯುವ ಸಾಧನ ಅವರಿಗಿತ್ತೇ? ಆಮೇಲೆ ‘ಮೊದಲ’, ‘ಏಕೈಕ’, ‘ಅತಿ ದೊಡ್ಡ’ ಎಂಬ ಪದಗಳನ್ನು ಬೆರಳಿನಿಂದ ಮುಚ್ಚಿ ಓದುತ್ತೇನೆ. ಮುಚ್ಚಿದ ಮೇಲೂ ವಾಕ್ಯದಲ್ಲಿ ಸ್ವಾರಸ್ಯ ಉಳಿದರೆ ಅದನ್ನೇ ಬರೆಯಬಹುದು. ಅಂಕಿಯಿದ್ದರೆ ಯಾವ ಅಳತೆ, ಎಲ್ಲಿಂದ ಎಲ್ಲಿಗೆ ಎಂದು ಕೇಳುತ್ತೇನೆ. ನಮ್ಮ ನಾಡಿನ ವಿಷಯಕ್ಕೆ ಕನ್ನಡ ವಿಶ್ವಕೋಶ, ಜಿಲ್ಲಾ ಗ್ಯಾಸೆಟಿಯರ್‌ಗಳು ತಾಲ್ಲೂಕು ಗ್ರಂಥಾಲಯದಲ್ಲೂ ಸಿಗುತ್ತವೆ. ಒಂದೇ ವಾಕ್ಯ ಹತ್ತು ಕಡೆ ಅಕ್ಷರಶಃ ಹಾಗೆಯೇ ಇದ್ದರೆ ಅದು ಹತ್ತು ಸಾಕ್ಷಿಯಲ್ಲ, ಒಂದೇ ಸಾಕ್ಷಿಯ ಹತ್ತು ನಕಲು.

ಫಲಕ ನಿಲ್ಲಿಸಿದರೆ ನಿಮಗೆ ನೆಮ್ಮದಿ ಸಿಗಬಹುದು, ಆದರೆ ಮಕ್ಕಳಿಗೆ ವಿಸ್ಮಯ ಬರುವುದು ನಿಲ್ಲುವುದಿಲ್ಲ. ಮೊಬೈಲಿನಿಂದ, ಪ್ರಶ್ನಿಸುವವರಿಲ್ಲದೆ ಬರುತ್ತದೆ. ಪೂರ್ತಿ ಖಚಿತವಾದದ್ದನ್ನೇ ಬರೆಯುತ್ತೇನೆ ಎಂದರೆ ದಿನಕ್ಕೊಂದು ಸಾಧ್ಯವಿಲ್ಲ, ವಾರಕ್ಕೊಂದು ಆದೀತು. ಅದು ನನಗೆ ಒಪ್ಪಿಗೆ. ಆರು ವರ್ಷದ ತಪ್ಪುಗಳನ್ನೆಲ್ಲ ಸಾಲಾಗಿ ಬರೆದು ‘ಇವು ಸುಳ್ಳು’ ಎನ್ನುವುದು ಮಾತ್ರ ಬೇಡ. ಪದೇ ಪದೇ ಕೇಳಿದ ಮಾತು, ಸುಳ್ಳಾದರೂ, ಕೇಳಿ ಕೇಳಿಯೇ ನಿಜದಂತೆ ತೋರುತ್ತದೆ ಎಂದು 1977ರಿಂದಲೂ ಮನಶ್ಶಾಸ್ತ್ರಜ್ಞರ ಪ್ರಯೋಗಗಳು ತೋರಿಸುತ್ತ ಬಂದಿವೆ. ಕೆಲವು ತಿಂಗಳ ಮೇಲೆ ಮಗುವಿಗೆ ‘ಸುಳ್ಳು’ ಮರೆತು ಸಾಲು ನೆನಪಿದ್ದೀತು. ನಿಜವನ್ನು ದೊಡ್ಡದಾಗಿ ಮೊದಲು ಬರೆಯಿರಿ, ಹಳೆಯ ಮಾತನ್ನು ಕೆಳಗೆ ಚಿಕ್ಕದಾಗಿ, ಅದರ ‘ಅಂತೆ’ಯನ್ನು ಅದಕ್ಕೆ ಮರಳಿ ಕೊಟ್ಟು. ಹಲಗೆಯ ಒಂದು ಮೂಲೆಯನ್ನು ‘ಅಂತೆ’ಗಳಿಗೇ ಬಿಟ್ಟುಕೊಟ್ಟು ಮಕ್ಕಳಿಗೆ ಪತ್ತೆ ಕೆಲಸ ವಹಿಸಬಹುದು. ಇದರಲ್ಲೂ ಒಂದು ಅಪಾಯವಿದೆ: ಕೆಲವು ಮಕ್ಕಳು ಎಲ್ಲದಕ್ಕೂ ‘ಸುಳ್ಳು’ ಎನ್ನುವ ಚಟ ಹಿಡಿಯುತ್ತಾರೆ. ಅದಕ್ಕೇ ನಡುನಡುವೆ ಮೈಸೂರು ರಾಕೆಟ್ಟಿನಂಥ, ನಂಬಲಾಗದಿದ್ದರೂ ನಿಜವಾದದ್ದನ್ನು ಹಾಕುತ್ತಿರಿ.

ಬೆಲೆಯ ಮಾತು ಕೇಳಿದಿರಿ. ನನ್ನ ತಪ್ಪು ಕಾರ್ಡಿನ ನಂತರ ನಾನು ಪ್ರತಿ ಸ್ಪರ್ಧೆಯ ಆರಂಭದಲ್ಲಿ, ಉತ್ತರ ತಪ್ಪೆನಿಸಿದರೆ ಕೈಯೆತ್ತಿ ಎಂದು ಹೇಳುವ ರೂಢಿ ಮಾಡಿಕೊಂಡೆ. ಕೈಗಳು ಎದ್ದವು, ಒಂದೆರಡು ಬಾರಿ ಸೋತೆ. ಶಾಲೆಗಳು ನನ್ನನ್ನು ಕರೆಯುವುದು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಸೋಮವಾರ ಆ ಹುಡುಗನನ್ನು ಮುಂದೆ ಕರೆಯಿರಿ. ‘ನೀನು ಕೇಳಿದ್ದು ಸರಿ, ನಾನು ಹುಡುಕಿದೆ’ ಎಂದು ಹೇಳಿ 1754, 1932, 1969 ಎಂದು ಅವನ ಕೈಯಲ್ಲೇ ಬರೆಸಿ. ಆಮೇಲೆ ಒಂದು ತಲೆಗೂದಲನ್ನು ಕರಿಹಲಗೆಗೆ ಅಂಟಿಸಿ. ಗೋಡೆ ಮಣ್ಣಿನ ಬಣ್ಣದಲ್ಲಿ ಕರಗಿದಂತೆ ಅದೂ ಕರಗಿರಲಿ. ಐದು ಮೀಟರ್ ಹಿಂದೆ ನಿಂತರೆ ಅದು ಬಾಹ್ಯಾಕಾಶ ನಿಲ್ದಾಣದಿಂದ ಗೋಡೆ ಎಷ್ಟು ತೆಳುವಾಗಿರುತ್ತದೋ ಅಷ್ಟು ತೆಳು. ಚಂದ್ರನ ದೂರಕ್ಕಾದರೆ ಹುಡುಗ ಸುಮಾರು ಐದು ಕಿಲೋಮೀಟರ್ ಹಿಂದೆ ಸರಿಯಬೇಕು. ನಿಮ್ಮ ಶಾಲೆಯಿಂದ ಅಷ್ಟು ದೂರಕ್ಕೆ ಯಾವ ಊರು ಬರುತ್ತದೆ ಎಂದು ಮಕ್ಕಳೇ ಹೇಳಲಿ.